ಚಾಲಕ ನರಕೋಶ ರೋಗ (ಎಳೆಯ ಪ್ರಾಯದಲ್ಲಿ)

ಸ್ನಾಯುಗಳಿಗೆ ಚಲನೆಯ ಆಜ್ಞೆ ಒಯ್ಯುವ ನರಕೋಶಗಳು ಅಳಿಯುತ್ತ ಹೋಗಿ, ಕೈಕಾಲು, ನಾಲಿಗೆ, ಗಂಟಲು, ಎದೆಗೂಡಿನ ಸ್ನಾಯುಗಳು ಕಸುವು ಕಳೆದುಕೊಂಡು ಸೊರಗುವ ರೋಗಗಳ ಗುಂಪು. ಮೋಟಾರ್ ನ್ಯೂರಾನ್ ಡಿಸೀಸ್, ಎಂಎನ್‌ಡಿ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಜಗತ್ತಿನ ಹೆಚ್ಚಿನ ಭಾಗಗಳಲ್ಲಿ ಇದು ಐವತ್ತು ದಾಟಿದವರ ರೋಗ. ಆದರೆ ದಕ್ಷಿಣ ಭಾರತದಲ್ಲಿ ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ತೊಡಗುವ ಕೆಲವು ಬಗೆಗಳನ್ನು ವೈದ್ಯರು ಅರ್ಧ ಶತಮಾನಕ್ಕೂ ಹಿಂದಿನಿಂದ ಗುರುತಿಸುತ್ತ ಬಂದಿದ್ದಾರೆ. ಈ ಬಗೆಗಳ ನಡೆ ಮುಪ್ಪಿನ ಬಗೆಯ ನಡೆಯಂತಲ್ಲ. ಕೆಲವು ನಾಲ್ಕೈದು ವರ್ಷ ಮುಂದುವರಿದು ತಾವಾಗಿಯೇ ನಿಲ್ಲುತ್ತವೆ, ಕೆಲವು ದಶಕಗಟ್ಟಲೆ ನಿಧಾನವಾಗಿ ಸಾಗುತ್ತವೆ. ಆದ್ದರಿಂದ ಎಳೆಯರಿಗೆ ಈ ರೋಗ ಬರುವ ಸಂಭವವೆಷ್ಟು ಎಂದು ಕೇಳುವ ಮೊದಲು ಇವುಗಳಲ್ಲಿ ಯಾವ ರೋಗ ಎಂಬುದನ್ನು ಕೇಳಬೇಕಾಗುತ್ತದೆ.

ನರಕೋಶಗಳು ಮತ್ತು ರೋಗದ ಬಗೆಗಳು

ಚಾಲಕ ನರಕೋಶಗಳು ಎರಡು ಹಂತಗಳಲ್ಲಿವೆ. ಮಿದುಳಿನ ಹೊರಪದರದಿಂದ ಹೊರಟು ಬೆನ್ನುಹುರಿಗೆ ಇಳಿಯುವವು ಮೇಲಿನ ಚಾಲಕ ನರಕೋಶಗಳು. ಬೆನ್ನುಹುರಿಯ ಮುಂಭಾಗದಿಂದಲೂ ಮಿದುಳುಬಳ್ಳಿಯಿಂದಲೂ ಹೊರಟು ಸ್ನಾಯುವನ್ನು ಮುಟ್ಟುವವು ಕೆಳಗಿನವು. ಮೇಲಿನವು ಕೆಟ್ಟರೆ ಕೈಕಾಲು ಬಿಗಿಯುತ್ತವೆ, ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಅತಿಯಾಗಿ ಚಿಮ್ಮುತ್ತದೆ. ಕೆಳಗಿನವು ಕೆಟ್ಟರೆ ಸ್ನಾಯು ಸಡಿಲಾಗಿ ಸಣ್ಣಗಾಗುತ್ತದೆ, ಚರ್ಮದಡಿ ಹುಳು ಹರಿದಂತೆ ಅದುರುತ್ತದೆ. ಸ್ಪರ್ಶ, ನೋವು, ಬಿಸಿ–ತಂಪುಗಳ ಅರಿವು ಮಾತ್ರ ಕೆಡುವುದಿಲ್ಲ. ಕೈ ಬತ್ತುತ್ತಿದ್ದರೂ ಜುಮ್ಮೆನ್ನುವುದಿಲ್ಲ, ಮರಗಟ್ಟುವುದಿಲ್ಲ. ಈ ರೋಗವನ್ನು ಇತರ ನರದ ಕಾಯಿಲೆಗಳಿಂದ ಬೇರ್ಪಡಿಸುವ ಮೊದಲ ಗುರುತು ಇದು.

ಎರಡೂ ಹಂತಗಳು ಒಟ್ಟಿಗೆ ಕೆಡುವ ರೂಪಕ್ಕೆ ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ಅಂದರೆ ಎಎಲ್‌ಎಸ್ ಎಂದು ಹೆಸರು. ಫ್ರಾನ್ಸಿನ ನರವೈದ್ಯ ಜಾನ್ ಮಾರ್ಟಿನ್ ಶಾರ್ಕೋ 1869ರಿಂದ 1874ರವರೆಗಿನ ಬರಹ, ಉಪನ್ಯಾಸಗಳಲ್ಲಿ ಇದರ ಸ್ವರೂಪವನ್ನು ಖಚಿತಪಡಿಸಿದ. ಗುಂಪಿನಲ್ಲಿ ಅತಿ ಸಾಮಾನ್ಯವೂ ಅತಿ ಕಠಿಣವೂ ಇದೇ. ಪಾಶ್ಚಾತ್ಯ ದೇಶಗಳಲ್ಲಿ ಬಹುಪಾಲು ರೋಗಿಗಳು ಲಕ್ಷಣ ಕಂಡ ಮೂರರಿಂದ ಐದು ವರ್ಷಗಳಲ್ಲಿ ಉಸಿರಾಟ ಸೋತು ತೀರಿಕೊಳ್ಳುತ್ತಾರೆ. ಕೆಳಗಿನ ಕೋಶಗಳನ್ನಷ್ಟೇ ಬಾಧಿಸುವ, ಮೇಲಿನವನ್ನಷ್ಟೇ ಬಾಧಿಸುವ, ಮಾತು ಮತ್ತು ನುಂಗುವಿಕೆಯಿಂದ ತೊಡಗುವ ರೂಪಗಳೂ ಇವೆ. ವಿಶಾಲ ಅರ್ಥದಲ್ಲಿ ಬೆನ್ನುಹುರಿಯ ಸ್ನಾಯುಕ್ಷಯ (ಎಸ್‌ಎಂಎ), ಕೆನಡಿ ರೋಗ, ಮದ್ರಾಸ್ ಬಗೆ, ಹಿರಾಯಾಮ ರೋಗಗಳನ್ನೂ ಇದೇ ಗುಂಪಿನಲ್ಲಿ ಎಣಿಸುವುದುಂಟು.

ವಯಸ್ಸು ಮತ್ತು ಸಂಭವ

ಯುರೋಪಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಎಎಲ್‌ಎಸ್ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಒಬ್ಬ ಮನುಷ್ಯನಿಗೆ ಬದುಕಿನುದ್ದಕ್ಕೂ ಇರುವ ಸಂಭವ 300ರಿಂದ 400ರಲ್ಲಿ ಒಂದು. ಈ ಎರಡನೆಯ ಅಂಕಿ ಮೊದಲನೆಯದರಷ್ಟು ಸಣ್ಣದಾಗಿ ಕಾಣದು. ಆದರೆ ಆ ಸಂಭವದ ಬಹುಭಾಗ ಐವತ್ತರಿಂದ ಎಪ್ಪತ್ತೈದರ ನಡುವಿನ ವರ್ಷಗಳಿಗೆ ಸೇರಿದ್ದು, ಇಪ್ಪತ್ತು–ಮೂವತ್ತರ ಪಾಲು ತೀರ ಕಡಿಮೆ. ಒಟ್ಟು ಎಎಲ್‌ಎಸ್ ರೋಗಿಗಳಲ್ಲಿ 45 ವರ್ಷಕ್ಕೆ ಮುನ್ನ ರೋಗ ತೊಡಗಿದವರು ನೂರಕ್ಕೆ ಹತ್ತರಷ್ಟು. 25ಕ್ಕೆ ಮುನ್ನ ತೊಡಗಿದವರು ನೂರಕ್ಕೆ ಒಬ್ಬರ ಆಸುಪಾಸು. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಎಳೆಯರಲ್ಲಿ ಈ ಅಂತರ ಇನ್ನೂ ಹಿರಿದು.

ಕರ್ನಾಟಕದಲ್ಲಿ ಗೌರಿಬಿದನೂರು ಸುತ್ತಲಿನ ಹಳ್ಳಿಗಳಲ್ಲಿ ಬೆಂಗಳೂರಿನ ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನ ವೈದ್ಯರು ಮನೆಮನೆ ಸಮೀಕ್ಷೆ ನಡೆಸಿದಾಗ ಈ ಗುಂಪಿನ ರೋಗಗಳ ಪ್ರಮಾಣ ಲಕ್ಷಕ್ಕೆ ಸುಮಾರು 4 ಎಂದು ಕಂಡುಬಂತು. ಅದೇ ಸಂಸ್ಥೆಯ ಎ. ನಳಿನಿ ಮತ್ತು ಸಂಗಡಿಗರು ಮೂವತ್ತು ವರ್ಷಗಳಲ್ಲಿ ಬಂದ 1,153 ಎಎಲ್‌ಎಸ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿದರು. ರೋಗ ತೊಡಗಿದ ಸರಾಸರಿ ವಯಸ್ಸು ಸುಮಾರು 46. ಪಾಶ್ಚಾತ್ಯರ ಸರಾಸರಿಗಿಂತ ಇದು ಹತ್ತಕ್ಕೂ ಹೆಚ್ಚು ವರ್ಷ ಕಡಿಮೆ. ಬದುಕುಳಿದ ಅವಧಿಯೂ ಅಲ್ಲಿಗಿಂತ ದೀರ್ಘವಾಗಿತ್ತು. ಹೆಂಗಸೊಬ್ಬರಿಗೆ ಮೂವರು ಗಂಡಸರಂತೆ ರೋಗಿಗಳಿದ್ದರು. ಆಸ್ಪತ್ರೆಯ ಎಣಿಕೆಗೂ ಜನಸಮುದಾಯದ ಎಣಿಕೆಗೂ ವ್ಯತ್ಯಾಸವಿದೆ. ದೂರದೂರಿಗೆ ಪಯಣಿಸಬಲ್ಲ ದುಡಿಯುವ ಪ್ರಾಯದ ಗಂಡಸರು ದೊಡ್ಡ ಆಸ್ಪತ್ರೆಯನ್ನು ಹೆಚ್ಚಾಗಿ ಮುಟ್ಟುತ್ತಾರೆ. ದೇಶದ ಜನಸಂಖ್ಯೆಯೇ ಎಳೆಯದು. ಈ ಎರಡನ್ನು ಕಳೆದು ನೋಡಿದರೂ ದಕ್ಷಿಣ ಭಾರತದ ಚಿತ್ರ ತನ್ನದೇ ಎನ್ನಲು ಮುಂದಿನ ಎರಡು ರೋಗಗಳು ಸಾಕ್ಷಿ.

ಮದ್ರಾಸ್ ಬಗೆ

1970ರಲ್ಲಿ ಮದ್ರಾಸಿನ ವೈದ್ಯರಾದ ಇ. ಮೀನಾಕ್ಷಿಸುಂದರಂ, ಕೆ. ಜಗನ್ನಾಥನ್ ಮತ್ತು ಬಿ. ರಾಮಮೂರ್ತಿ ತಮ್ಮಲ್ಲಿಗೆ ಬರುತ್ತಿದ್ದ ಎಳೆಯ ರೋಗಿಗಳಲ್ಲಿ ವಿಚಿತ್ರ ಹೊಂದಿಕೆಯೊಂದನ್ನು ವರ್ಣಿಸಿದರು. ಕೈಕಾಲು ಬಡಕಲಾಗಿವೆ, ಮುಖದ ಸ್ನಾಯುಗಳು ಸೋತಿವೆ, ನಾಲಿಗೆ ಸೊರಗಿದೆ. ಜೊತೆಗೆ ಎರಡೂ ಕಿವಿ ಮಂದವಾಗಿವೆ. ಶಾರ್ಕೋ ವರ್ಣಿಸಿದ ರೋಗದಲ್ಲಿ ಕಿವಿಗೆ ಏನೂ ಆಗುವುದಿಲ್ಲ. ಇದಕ್ಕೆ ಮದ್ರಾಸ್ ಚಾಲಕ ನರಕೋಶ ರೋಗ ಎಂಬ ಹೆಸರು ನಿಂತಿತು. ಹೆಸರು ಮದ್ರಾಸಿನದಾದರೂ ರೋಗಿಗಳು ಕರ್ನಾಟಕ, ಆಂಧ್ರ, ಕೇರಳಗಳವರೂ ಹೌದು. 1988ರಲ್ಲಿ ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಕಂಡ ರೋಗಿಗಳನ್ನು ವರ್ಣಿಸಿ, ಇದು ದಕ್ಷಿಣ ಭಾರತದ ರೋಗವೆಂಬುದನ್ನು ದೃಢಪಡಿಸಿದರು.

ನಿಮ್ಹಾನ್ಸ್‌ನಲ್ಲಿ 36 ವರ್ಷಗಳಲ್ಲಿ ಕಂಡುಬಂದವರು 116 ಮಂದಿ. ರೋಗ ತೊಡಗಿದ ಸರಾಸರಿ ವಯಸ್ಸು 16ಕ್ಕೆ ಒಂದಿಷ್ಟು ಕಡಿಮೆ. ಹೆಚ್ಚಿನ ರೋಗಿಗಳಲ್ಲಿ ಕಿವುಡಿತ್ತು. ಕೆಲವರಲ್ಲಿ ಕಣ್ಣಿನ ನರವೂ ಸೊರಗಿತ್ತು. ಇದನ್ನು ಮದ್ರಾಸ್ ಬಗೆಯ ಉಪಭೇದವೆಂದು ಪ್ರತ್ಯೇಕವಾಗಿ ಎಣಿಸುತ್ತಾರೆ. ರೋಗ ನಿಧಾನವಾಗಿ ಮುಂದುವರಿಯುತ್ತದೆ. ಹತ್ತು ವರ್ಷ ಕಳೆದರೂ ಬಹುಪಾಲು ರೋಗಿಗಳು ಬದುಕಿರುತ್ತಾರೆ. ಹಲವರು ಮೂರು ದಶಕಗಳನ್ನೂ ದಾಟಿದ್ದಾರೆ.

ಕಾರಣ ಇನ್ನೂ ಪತ್ತೆಯಾಗಿಲ್ಲ. ಕಿವುಡು ಮತ್ತು ಮುಖ–ಗಂಟಲಿನ ಸೋಲು ಒಟ್ಟಿಗೆ ಕಾಣುವ ಬ್ರೌನ್–ವಿಯಲೆಟ್ಟೋ–ವಾನ್ ಲಾರೆ ಎಂಬ ರೋಗ ಇದಕ್ಕೆ ತೀರ ಹತ್ತಿರದ ಹೋಲಿಕೆಯದು. ರೈಬೊಫ್ಲಾವಿನ್, ಅಂದರೆ ಬಿ2 ಜೀವಸತ್ವವನ್ನು ಕೋಶದೊಳಗೆ ಸಾಗಿಸುವ ಪ್ರೋಟೀನುಗಳ ವಂಶವಾಹಿ ದೋಷದಿಂದ ಅದು ಬರುತ್ತದೆಂದು 2010ರ ನಂತರ ಗೊತ್ತಾಯಿತು. ಆ ರೋಗಿಗಳಿಗೆ ಹೆಚ್ಚಿನ ಪ್ರಮಾಣದ ರೈಬೊಫ್ಲಾವಿನ್ ಕೊಟ್ಟರೆ ಗುಣ ಕಾಣುತ್ತದೆ. ಅದೇ ದೋಷ ಮದ್ರಾಸ್ ಬಗೆಯಲ್ಲೂ ಇದೆಯೇ ಎಂದು ನಿಮ್ಹಾನ್ಸ್ ತಂಡ ಹುಡುಕಿತು. ಸಿಗಲಿಲ್ಲ; ಎರಡೂ ಬೇರೆ ಬೇರೆ ಎಂದು 2013ರಲ್ಲಿ ವರದಿಯಾಯಿತು. ಆದರೂ ಎಳೆಯ ರೋಗಿಯಲ್ಲಿ ಕಿವುಡು ಮತ್ತು ಸ್ನಾಯು ಸೋಲು ಜೊತೆಯಾಗಿದ್ದರೆ ರೈಬೊಫ್ಲಾವಿನ್ ದೋಷವನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಈ ಗುಂಪಿನಲ್ಲಿ ಜೀವಸತ್ವದ ಗುಳಿಗೆಗೆ ಬಗ್ಗುವ ರೋಗ ಅದು.

ಒಂದೇ ಕೈ ಸೊರಗುವ ರೋಗ

ಹದಿನೈದರಿಂದ ಇಪ್ಪತ್ತೈದರ ಹುಡುಗನೊಬ್ಬನ ಒಂದು ಕೈಯ ಬೆರಳುಗಳು ಸೋಲುತ್ತವೆ. ಹೆಬ್ಬೆರಳ ಬುಡದ ಉಬ್ಬು ಇಳಿಯುತ್ತದೆ, ಮುಂಗೈಯ ಒಳಮಗ್ಗುಲು ಬತ್ತುತ್ತದೆ. ಚಳಿಯಲ್ಲಿ ಬೆರಳುಗಳು ಇನ್ನಷ್ಟು ಮಡಚಿಕೊಳ್ಳುತ್ತವೆ. ನೋವಿಲ್ಲ, ಜೋಮಿಲ್ಲ. ಒಂದರಿಂದ ಐದು ವರ್ಷ ಹೀಗೆ ಮುಂದುವರಿದು ಆಮೇಲೆ ನಿಂತುಬಿಡುತ್ತದೆ. ಜಪಾನಿನ ಕೇಜೋ ಹಿರಾಯಾಮ ಇದನ್ನು 1959ರಲ್ಲಿ ವರ್ಣಿಸಿದರು. ಭಾರತದಲ್ಲಿ ಕೈಯಂತೆ ಕಾಲೊಂದು ಮಾತ್ರ ಸೊರಗುವುದೂ ಇದೆ. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕಿಯೂ ಆದ ಗೌರಿದೇವಿ 1984ರಲ್ಲಿ 23 ರೋಗಿಗಳನ್ನು ವರ್ಣಿಸಿ ಏಕಾಂಗ ಸ್ನಾಯುಕ್ಷಯ ಎಂಬ ಅರ್ಥದ ಮೊನೊಮೆಲಿಕ್ ಅಮಯೋಟ್ರೋಫಿ ಎಂಬ ಹೆಸರಿಟ್ಟರು. ಅದು ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. 1976ರಿಂದ 2010ರವರೆಗೆ ಅದೇ ಸಂಸ್ಥೆಯಲ್ಲಿ ಇಂಥ 279 ರೋಗಿಗಳು ದಾಖಲಾದರು. ಹೆಚ್ಚಿನವರದು ಕೈ, ಉಳಿದವರದು ಕಾಲು.

ಕೈಯ ಬಗೆಗೆ ಕಾರಣ ಕತ್ತಿನಲ್ಲಿದೆ ಎಂಬುದು ಇಂದಿನ ಪ್ರಬಲ ವಿವರಣೆ. ಕತ್ತು ಬಗ್ಗಿಸಿದಾಗ ಬೆನ್ನುಹುರಿಯ ಹೊದಿಕೆಯ ಹಿಂಬದಿ ಮುಂದಕ್ಕೆ ಸರಿದು, ಕತ್ತಿನ ಕೆಳಭಾಗದ ಬೆನ್ನುಹುರಿಯನ್ನು ಮುಂದಿನ ಎಲುಬಿಗೆ ಒತ್ತುತ್ತದೆ. ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ ಹೀಗಾದಾಗ ಅಲ್ಲಿನ ಚಾಲಕ ಕೋಶಗಳು ರಕ್ತ ಸಾಲದೆ ಸಾಯುತ್ತವೆ. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ಬೆಳವಣಿಗೆಗೆ ಹೊದಿಕೆಯ ಉದ್ದ ಸಾಕಾಗದಿರುವುದು ಇದಕ್ಕೆ ಎಡೆ ಮಾಡುತ್ತದೆ. ಬೆಳವಣಿಗೆ ಮುಗಿದಾಗ ರೋಗವೂ ನಿಲ್ಲುತ್ತದೆ. ನೇರವಾಗಿ ಮಲಗಿಸಿ ತೆಗೆದ ಎಂಆರ್‌ಐ ಚಿತ್ರದಲ್ಲಿ ಈ ಒತ್ತುವಿಕೆ ತಪ್ಪಿಹೋಗಬಹುದು. ಕತ್ತು ಬಗ್ಗಿಸಿಯೂ ಚಿತ್ರ ತೆಗೆಯಬೇಕು. ಮೊದಲ ವರ್ಷಗಳಲ್ಲೇ ಪತ್ತೆಯಾದರೆ ಕತ್ತು ಬಗ್ಗದಂತೆ ಕೊರಳಪಟ್ಟಿ ಹಾಕಿಸುತ್ತಾರೆ. ಹೋದ ಸ್ನಾಯು ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವ ಅವಕಾಶವಿದೆ. ಜೀವಕ್ಕೆ ಅಪಾಯವಿಲ್ಲದ ಈ ರೋಗವನ್ನು ಎಎಲ್‌ಎಸ್ ಎಂದು ಹೆಸರಿಸಿದರೆ ಇಪ್ಪತ್ತರ ಹುಡುಗನಿಗೆ ಅನ್ಯಾಯವಾಗಿ ಮರಣದ ಗಡುವು ಹೇಳಿದಂತಾಗುತ್ತದೆ.

ವಂಶವಾಹಿ ಮತ್ತು ಸೋದರಿಕೆ

ಎಎಲ್‌ಎಸ್ ರೋಗಿಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯ ಮನೆತನದಲ್ಲಿ ಮತ್ತೊಬ್ಬರಿಗೂ ರೋಗವಿರುತ್ತದೆ. 1993ರಲ್ಲಿ ಎಸ್‌ಒಡಿ1 ವಂಶವಾಹಿಯ ದೋಷ ಮೊದಲು ಪತ್ತೆಯಾಯಿತು. 2011ರಲ್ಲಿ ಸಿಕ್ಕ ಸಿ9ಒಆರ್‌ಎಫ್72 ದೋಷ ಯುರೋಪಿಯನ್ನರ ಕೌಟುಂಬಿಕ ರೋಗಕ್ಕೆ ಅತಿ ದೊಡ್ಡ ಕಾರಣ. ಭಾರತೀಯರಲ್ಲಿ ಅದು ವಿರಳ. ಎಳೆಯರ ವಿಷಯದಲ್ಲಿ ಮುಖ್ಯವಾದದ್ದು 2009ರಲ್ಲಿ ಈ ರೋಗದೊಂದಿಗೆ ನಂಟು ಗುರುತಾದ ಎಫ್‌ಯುಎಸ್ ವಂಶವಾಹಿ. ಇದರ ಕೆಲವು ಬದಲಾವಣೆಗಳು ತಂದೆ ತಾಯಿಯಲ್ಲಿಲ್ಲದೆ ಮಗುವಿನಲ್ಲೇ ಹೊಸದಾಗಿ ಮೂಡಿ, ಹದಿಹರೆಯದಲ್ಲೇ ವೇಗವಾಗಿ ಸಾಗುವ ರೋಗ ತರುತ್ತವೆ. ಮನೆತನದಲ್ಲಿ ಯಾರಿಗೂ ಇಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಾಗುವುದಿಲ್ಲ.

ಇನ್ನೊಂದು ಸಾಲಿನ ರೋಗಗಳು ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ತೋರುತ್ತವೆ. 2001ರಲ್ಲಿ ಪತ್ತೆಯಾದ ಆಲ್ಸಿನ್ ದೋಷದ ಎಳೆಯರ ಎಎಲ್‌ಎಸ್, 1995ರಲ್ಲಿ ಮೂಲ ತಿಳಿದ ಬೆನ್ನುಹುರಿಯ ಸ್ನಾಯುಕ್ಷಯ ಈ ಸಾಲಿನವು. ಸ್ನಾಯುಕ್ಷಯ ಸಾಮಾನ್ಯವಾಗಿ ಕೂಸುಗಳಲ್ಲಿ ಕಾಣಿಸಿಕೊಂಡರೂ ಅದರ ಮೂರನೆಯ ಬಗೆ ನಡೆದಾಡುವ ಮಕ್ಕಳಲ್ಲಿ, ನಾಲ್ಕನೆಯದು ಪ್ರಾಯದವರಲ್ಲಿ ತೊಡಗುತ್ತದೆ. ಒಂದೇ ದೋಷ ಹೊತ್ತ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನು, ಸೋದರಮಾವನ ಇಲ್ಲವೆ ಸೋದರತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ ಕರ್ನಾಟಕದಲ್ಲಿ ಹಳೆಯದು. 1980ರ ದಶಕದಲ್ಲಿ ಬೆಂಗಳೂರು–ಮೈಸೂರುಗಳಲ್ಲಿ ನಡೆದ ನವಜಾತ ಶಿಶುಗಳ ತಪಾಸಣೆಯಲ್ಲಿ ಮೂರರಲ್ಲಿ ಸುಮಾರು ಒಂದು ಮದುವೆ ಬಳಗದೊಳಗಿನದಾಗಿತ್ತು. ಒಂದೇ ಅಜ್ಜನಿಂದ ಇಳಿದ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಇಂಥಲ್ಲಿ ಹೆಚ್ಚು. ಸಾಮಾನ್ಯ ಎಎಲ್‌ಎಸ್‌ಗೂ ಸೋದರಿಕೆಗೂ ಸಂಬಂಧವಿಲ್ಲ; ಈ ಸಾಲಿನ ಅಪರೂಪದ ರೋಗಗಳಿಗಿದೆ. ಮನೆಯಲ್ಲಿ ಒಂದು ಮಗುವಿಗೆ ಇಂಥ ರೋಗ ಖಚಿತವಾದ ಮೇಲೆ ಮುಂದಿನ ಸಂಬಂಧ ಕೂಡಿಸುವ ಮೊದಲು ವಂಶವಾಹಿ ಸಲಹೆ ಪಡೆಯುವುದು ವಿವೇಕ.

ಕೆನಡಿ ರೋಗ ತಾಯಿಯ ಎಕ್ಸ್ ವರ್ಣತಂತುವಿನಿಂದ ಗಂಡುಮಕ್ಕಳಿಗೆ ಬರುತ್ತದೆ. ಮೂವತ್ತು–ನಲವತ್ತರಲ್ಲಿ ತೊಡಗಿ ಬಹಳ ನಿಧಾನವಾಗಿ ಸಾಗುತ್ತದೆ. ಮುಖ, ತುಟಿಗಳ ಅದುರು, ಗಂಡಸಿನಲ್ಲಿ ಎದೆ ಉಬ್ಬುವುದು ಇದರ ಸುಳಿವುಗಳು.

ಪರಿಸರ ಮತ್ತು ದುಡಿಮೆ

ಪರಿಸರದ ಪಾತ್ರದ ಬಗ್ಗೆ ದೊಡ್ಡ ಪಾಠ ಬಂದದ್ದು ಶಾಂತಸಾಗರದ ಗುವಾಮ್ ದ್ವೀಪದಿಂದ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಚಮೊರೊ ಜನರಲ್ಲಿ ಎಎಲ್‌ಎಸ್ ಬೇರೆಡೆಗಿಂತ ಐವತ್ತರಿಂದ ನೂರು ಪಟ್ಟು ಇತ್ತು. ಬದುಕಿನ ರೀತಿ ಬದಲಾದಂತೆ ಕೆಲವೇ ದಶಕಗಳಲ್ಲಿ ಇಳಿಯಿತು. ಇಷ್ಟು ಬೇಗ ಇಳಿದದ್ದಕ್ಕೆ ರಕ್ತಸಂಬಂಧವೊಂದೇ ಕಾರಣವಾಗಿರಲಾರದು. ಇಟಲಿಯ 7,325 ವೃತ್ತಿಪರ ಫುಟ್‌ಬಾಲ್ ಆಟಗಾರರ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಬ್ಬರಿಗೂ ಕಡಿಮೆ ನಿರೀಕ್ಷೆಯಿದ್ದಲ್ಲಿ ಐವರಿಗೆ ರೋಗ ಬಂದಿತ್ತು, ಅದೂ ಸರಾಸರಿ 43ರ ವಯಸ್ಸಿಗೆ. ಧೂಮಪಾನ, ಸೀಸ, ಕೀಟನಾಶಕ, ತಲೆಗೆ ಪೆಟ್ಟು ಇವುಗಳಿಗೂ ರೋಗಕ್ಕೂ ನಂಟು ಕಾಣುವ ವರದಿಗಳಿವೆ. ಆದರೆ ಇವುಗಳಲ್ಲಿ ಯಾವುದೊಂದೂ ಎಳೆಯನೊಬ್ಬನ ಸಣ್ಣ ಸಂಭವವನ್ನು ದೊಡ್ಡದು ಮಾಡುವಷ್ಟು ಬಲವಾಗಿಲ್ಲ. ಹೊಲಕ್ಕೆ ಔಷಧ ಹೊಡೆಯುವಾಗ ಕೈಗವಸು, ಮೂಗುಬಟ್ಟೆ ಹಾಕಿಕೊಳ್ಳಲು ಬೇರೆ ನೂರು ಕಾರಣಗಳಿವೆ.

ಅದುರುವಿಕೆಯ ಭಯ ಮತ್ತು ಹೋಲುವ ರೋಗಗಳು

ಎಳೆಯರು ಈ ರೋಗಕ್ಕೆ ಹೆದರುವುದು ಬಹುಪಾಲು ಅದುರುವಿಕೆಯಿಂದ. ಕಣ್ಣರೆಪ್ಪೆ, ಮೀನಖಂಡ, ಹೆಬ್ಬೆರಳು ಆಗಾಗ ಹಾರುವುದು ಆರೋಗ್ಯವಂತರಲ್ಲೂ ಸಾಮಾನ್ಯ. ನಿದ್ದೆಗೇಡು, ಚಹಾ ಕಾಫಿಯ ಅತಿರೇಕ, ದಣಿವು, ಆತಂಕಗಳಿಂದ ಅದು ಹೆಚ್ಚುತ್ತದೆ. ಪಠ್ಯದಲ್ಲಿ ರೋಗದ ವರ್ಣನೆ ಓದಿದ ವೈದ್ಯಕೀಯ ವಿದ್ಯಾರ್ಥಿಗಳನ್ನು, ವೈದ್ಯರನ್ನೂ ಈ ಭಯ ಬಿಟ್ಟಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ ಅದುರುವಿಕೆಯಷ್ಟೇ ಇದ್ದ 121 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ವರದಿ ಮಾಡಿತು. ಅವರಲ್ಲಿ ಒಬ್ಬರಿಗೂ ಚಾಲಕ ನರಕೋಶ ರೋಗ ಬರಲಿಲ್ಲ. ಕಸುವು ಕುಂದದೆ, ಸ್ನಾಯು ಸಣ್ಣಗಾಗದೆ, ಬರೀ ಅದುರುವಿಕೆ ಇದ್ದರೆ ಅದನ್ನು ರೋಗವೆಂದು ಎಣಿಸುವುದಿಲ್ಲ.

ನಿಜವಾಗಿ ಕಸುವು ಕುಂದಿದಾಗಲೂ ಬೇರೆ ಕಾರಣಗಳನ್ನು ಹುಡುಕಬೇಕು. ಕತ್ತಿನ ಎಲುಬು ಬೆನ್ನುಹುರಿಯನ್ನು ಒತ್ತುವುದು, ಬಾಲ್ಯದಲ್ಲಿ ಪೋಲಿಯೊ ಬಂದಿದ್ದವರಲ್ಲಿ ಮತ್ತೆ ತೋರುವ ಸೋಲು, ಸೀಸದ ನಂಜು, ಥೈರಾಯ್ಡ್ ದೋಷ ಇವುಗಳಲ್ಲಿ ಕೆಲವು. ಬಹುಕೇಂದ್ರ ಚಾಲಕ ನರರೋಗ ಎಂಬುದು ಕೈಗಳನ್ನು ಸೋಲಿಸುವುದರಲ್ಲಿ ಎಎಲ್‌ಎಸ್‌ನ ಪಡಿಯಚ್ಚು. ಆದರೆ ಅದು ದೇಹದ ರೋಗನಿರೋಧಕ ಶಕ್ತಿ ನರಗಳ ಮೇಲೆ ತಿರುಗಿ ಬೀಳುವುದರಿಂದ ಬರುವಂಥದು. ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರೆ ಸುಧಾರಿಸುತ್ತದೆ.

ರೋಗ ನಿರ್ಣಯ ಮತ್ತು ಚಿಕಿತ್ಸೆ

ಒಂದೇ ರಕ್ತಪರೀಕ್ಷೆಯಿಂದ ರೋಗ ಖಚಿತವಾಗುವುದಿಲ್ಲ. ವೈದ್ಯರ ಸುತ್ತಿಗೆ ಮತ್ತು ಕಣ್ಣು ಮೊದಲ ಸಲಕರಣೆಗಳು. ಅನಂತರ ನರದ ವಹನಪರೀಕ್ಷೆ, ಸ್ನಾಯುವಿಗೆ ಸೂಜಿ ಚುಚ್ಚಿ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ, ಎಂಆರ್‌ಐ. ಎಳೆಯರಲ್ಲಿ ಇವುಗಳ ಜೊತೆಗೆ ಶ್ರವಣಪರೀಕ್ಷೆ, ವಂಶವಾಹಿ ಪರೀಕ್ಷೆಗಳೂ ಬೇಕು. ಎಷ್ಟೋ ಸಲ ಆರು ತಿಂಗಳು ಬಿಟ್ಟು ಮತ್ತೆ ನೋಡಿದಾಗಲೇ ರೋಗದ ನಡೆ ಸ್ಪಷ್ಟವಾಗುವುದು.

ಎಎಲ್‌ಎಸ್ ವಾಸಿ ಮಾಡುವ ಔಷಧವಿಲ್ಲ. 1995ರಿಂದ ಬಳಕೆಯಲ್ಲಿರುವ ರಿಲುಜೋಲ್ ಗುಳಿಗೆ ಕೆಲವು ತಿಂಗಳ ಆಯುಷ್ಯ ಕೂಡಿಸುತ್ತದೆ. ಎಡಾರವೋನ್‌ಗೆ 2015ರಲ್ಲಿ ಜಪಾನ್, 2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. 2023ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಟೊಫರ್ಸೆನ್ ಎಸ್‌ಒಡಿ1 ದೋಷವಿರುವವರಿಗೆ ಮಾತ್ರ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ 2016ರಲ್ಲಿ ನುಸಿನರ್ಸೆನ್, 2020ರಲ್ಲಿ ರಿಸ್ಡಿಪ್ಲಾಮ್ ಬಂದವು. ಬಂದಾಗ ಅವುಗಳ ಬೆಲೆ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಉಸಿರಿಗೆ ಮುಖವಾಡದ ಯಂತ್ರ ಗುಳಿಗೆಗಿಂತ ಹೆಚ್ಚು ದಿನ ಕೊಡಬಲ್ಲದು; ಹೊಟ್ಟೆಗೆ ಕೊಳವೆಯ ಮೂಲಕ ಆಹಾರ, ಕೀಲು ಬಿಗಿಯದಂತೆ ವ್ಯಾಯಾಮ ಇವೂ ನೆರವಾಗುತ್ತವೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್‌ಗೆ 1963ರಲ್ಲಿ, 21ನೆಯ ವಯಸ್ಸಿಗೆ ರೋಗ ಪತ್ತೆಯಾದಾಗ ಎರಡು ವರ್ಷದ ಗಡುವು ಹೇಳಲಾಗಿತ್ತು. ಅವರು ತೀರಿಕೊಂಡದ್ದು 2018ರಲ್ಲಿ. ಇದು ಸಾಮಾನ್ಯ ನಿಯಮವಲ್ಲ. ಆದರೂ ಎಳೆಯ ಪ್ರಾಯದಲ್ಲಿ ತೊಡಗಿದ ರೋಗ ನಿಧಾನವಾಗಿ ಸಾಗುವುದು ಹೆಚ್ಚು ಎಂಬುದಕ್ಕೆ ಅತಿ ಪ್ರಸಿದ್ಧ ನಿದರ್ಶನ.

ಗಡಿನಾಡಿನ ಹಳ್ಳಿಯಿಂದ

ಹಳ್ಳಿಗಳಲ್ಲಿ ಈ ರೋಗದ ಪತ್ತೆ ತಡವಾಗುವುದಕ್ಕೆ ಗಡಿನಾಡಿನ ಒಂದು ಊರು ನಿದರ್ಶನ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಮಂಗಸೂಳಿ, ಕರ್ನಾಟಕ–ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ನಡೆದುಕೊಳ್ಳುವ ಮಲ್ಲಯ್ಯನ ಊರು, ಕಬ್ಬಿನ ನಾಡು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ರೋಗಿಗಳಂತೆ ಇಲ್ಲಿಯವರೂ ದೊಡ್ಡ ಕಾಯಿಲೆಗೆ ಮೊದಲು ನೋಡುವುದು ಗಡಿಯಾಚೆಯ ಮಿರಜದತ್ತ. ವಿಲಿಯಂ ವಾನ್ಲೆಸ್ 1894ರಲ್ಲಿ ಕಟ್ಟಿದ ಆಸ್ಪತ್ರೆಯಿಂದ ಬೆಳೆದ ವೈದ್ಯಕೀಯ ಪೇಟೆ ಅದು. ಆಮೇಲೆ ಬೆಳಗಾವಿ, ಹುಬ್ಬಳ್ಳಿ. ಕೊನೆಗೆ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್.

ಈ ಭಾಗದಲ್ಲಿ ಕೈಕಾಲು ಸೋತರೆ ಜನ ಹೇಳುವ ಹೆಸರು ಲಕ್ವಾ. ಲಕ್ವಾ ಹೊಡೆಯುವುದು ಗಳಿಗೆಯೊಳಗೆ. ಈ ರೋಗ ಬರುವುದು ತಿಂಗಳುಗಳಲ್ಲಿ. ಕಬ್ಬು ಕಡಿಯುವ ಹುಡುಗನ ಹಿಡಿತದಿಂದ ಕೊಯ್ತಾ ಜಾರುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ಕಾಲಿನಿಂದ ಚಪ್ಪಲಿ ತಾನೇ ಕಳಚುವುದು, ಕ್ಲಾಸಿನಲ್ಲಿ ಮೇಷ್ಟ್ರ ಮಾತು ಕೇಳಿಸದಿರುವುದು ಮೊದಲ ಗುರುತುಗಳಾಗಿರಬಹುದು. ನೋವಿಲ್ಲದ ಕಾರಣ ಯಾರೂ ಅವಸರ ಮಾಡುವುದಿಲ್ಲ. ದಣಿವು, ವಾಯು, ನರ ಹಿಡಿದಿದೆ ಎಂದುಕೊಂಡು ಎಣ್ಣೆ ತಿಕ್ಕಿಸುವುದರಲ್ಲಿ ವರ್ಷ ಕಳೆಯುತ್ತದೆ. ಹಿರಾಯಾಮ ರೋಗಿಗೆ ಕೊರಳಪಟ್ಟಿಯಿಂದ ಉಪಯೋಗವಾಗುವುದು ಆ ವರ್ಷಗಳಲ್ಲೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಚಲನಾ ವೈಕಲ್ಯ, ಶ್ರವಣದೋಷ, ದೀರ್ಘಕಾಲದ ನರರೋಗಗಳನ್ನು ಒಳಗೊಂಡಿದೆ. ಅದರ ಗುರುತಿನ ಚೀಟಿಗೂ ಶ್ರವಣಯಂತ್ರದ ನೆರವಿಗೂ ರೋಗದ ಹೆಸರು ಕಾಗದದ ಮೇಲೆ ಬರಬೇಕು.

ಎಳೆಯ ರೋಗಿಯ ಎದುರು ವೈದ್ಯರು ಮೊದಲು ಕೇಳಬೇಕಾದವು ಮೂರು: ಸೋತದ್ದು ಒಂದೇ ಕೈಯೋ ಎರಡೂವೋ? ಮಂಡಿ ತಟ್ಟಿದರೆ ಕಾಲು ಚಿಮ್ಮುತ್ತದೆಯೋ? ಕಿವಿ ಕೇಳಿಸುತ್ತದೆಯೋ? ಒಂದೇ ಕೈ, ಉಳಿದದ್ದು ಸರಿ ಎಂದಾದರೆ ಕತ್ತು ಬಗ್ಗಿಸಿದ ಎಂಆರ್‌ಐ. ಕಿವಿ ಮಂದವಾಗಿದ್ದರೆ ಮದ್ರಾಸ್ ಬಗೆ ಇಲ್ಲವೆ ರೈಬೊಫ್ಲಾವಿನ್ ದೋಷ. ಸೊರಗಿದ ಕೈಕಾಲೇ ಚಿಮ್ಮುತ್ತಿದ್ದರೆ, ಬೆನ್ನುಹುರಿಗೆ ಒತ್ತಡವಿಲ್ಲವೆಂದು ಖಚಿತವಾದ ಬಳಿಕ, ಎಎಲ್‌ಎಸ್‌ನ ಶಂಕೆ. ಮೂರಕ್ಕೂ ಬೇಕಾದದ್ದು ಒಂದು ಸುತ್ತಿಗೆ, ಐದು ನಿಮಿಷದ ಬಿಡುವು. ತಾಲ್ಲೂಕು ಆಸ್ಪತ್ರೆಯಲ್ಲೂ ಇವೆರಡೂ ಸಿಗುತ್ತವೆ.